ಧ್ಯಾನ ಖರೀದಿಸಿದ ಧನಿಕರು: ಪೆಲೇವಿನ್ ಕಾದಂಬರಿಯ ಒಂದು ಪ್ರಕರಣ

2018ರ ಸೆಪ್ಟೆಂಬರಿನಲ್ಲಿ ಮಾಸ್ಕೋದ ಎಕ್ಸ್‌ಮೋ ಪ್ರಕಾಶನ ವಿಕ್ಟರ್ ಪೆಲೇವಿನ್‌ನ ಹೊಸ ಕಾದಂಬರಿಯನ್ನು ಹೊರತಂದಿತು. ಅದರ ಪರಿಚಯದ ಮಾತುಗಳು ಓದುಗನಿಗೆ ಎರಡು ಪ್ರಶ್ನೆಗಳನ್ನು ಹಾಕುತ್ತಿದ್ದವು. ಎರಡೂವರೆ ಸಾವಿರ ವರ್ಷಗಳ ಹಿಂದೆ ಭಾರತದ ತಪಸ್ವಿಗಳು ಕಂಡ ಹಾಗೆಯೇ ಈ ಜಗತ್ತನ್ನು ಅನುಭವಿಸಲು ನೀವು ಸಿದ್ಧರಿದ್ದೀರಾ? ಸಿದ್ಧರಿದ್ದರೆ, ಅದಕ್ಕೆ ಸಾಲುವಷ್ಟು ಹಣ ನಿಮ್ಮಲ್ಲಿದೆಯೇ?

ಕಾದಂಬರಿಯ ಹೆಸರು 'ಫೂಜಿ ಪರ್ವತದ ಗುಪ್ತ ನೋಟಗಳು'. ಸಂಪತ್ತು ಒಂದು ಕಡೆ, ಬೌದ್ಧರು ಹೇಳುವ ಸುಖ ಇನ್ನೊಂದು ಕಡೆ ಕುಳಿತು ವ್ಯಾಪಾರ ಕುದುರಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಇಂದಿನ ರಷ್ಯನ್ ಕಥಾಸಾಹಿತ್ಯದಲ್ಲಿ ಇದಕ್ಕಿಂತ ನೇರವಾದ ಪ್ರಕರಣವನ್ನು ನಾನು ಕಂಡಿಲ್ಲ. 'ದುಡ್ಡಿನಿಂದ ಹಾಸಿಗೆ ಕೊಳ್ಳಬಹುದು, ನಿದ್ದೆಯನ್ನಲ್ಲ' ಎಂಬ ಸವೆದ ಬುದ್ಧಿಮಾತನ್ನು ನಿರೀಕ್ಷಿಸಿ ಪುಸ್ತಕ ತೆರೆದವರಿಗೆ ಇಲ್ಲಿ ನಿರಾಸೆ ಕಾದಿದೆ. ಈ ಕಥೆಯಲ್ಲಿ ದುಡ್ಡು ಸೋಲುವುದಿಲ್ಲ. ಕೇಳಿದ ಸರಕು ಕೇಳಿದ ಗುಣಮಟ್ಟದಲ್ಲಿ ಮನೆಬಾಗಿಲಿಗೇ, ಅಂದರೆ ವಿಹಾರನೌಕೆಗೇ ಬರುತ್ತದೆ. ಸರಕು ಅಸಲಿಯಾಗಿರುವುದರಿಂದಲೇ ತೊಂದರೆ ಶುರುವಾಗುತ್ತದೆ.

ಗಿರಾಕಿಗಳು

ಫ್ಯೋದರ್ ಮಧ್ಯವಯಸ್ಸಿನ ರಷ್ಯನ್ ಶತಕೋಟ್ಯಧಿಪತಿ. ಅವನಿಗೆ ರಿನಾತ್ ಮತ್ತು ಯೂರಾ ಎಂಬ ಇಬ್ಬರು ಗೆಳೆಯರಿದ್ದಾರೆ, ಇಬ್ಬರೂ ಅದೇ ತೂಕದವರು. ಮೂವರಿಗೂ ಕೊಳ್ಳುವುದಕ್ಕೆ ಇನ್ನೇನೂ ಉಳಿದಿಲ್ಲ. ದಾಮಿಯಾನ್ ಎಂಬ ಚುರುಕು ಮಾತಿನ ತರುಣ ಇವರನ್ನು ಹಿಡಿಯುತ್ತಾನೆ. ಅವನದು ಸ್ಟಾರ್ಟಪ್ ಕಂಪನಿ, ಮಾರುವ ಸರಕು ಸುಖ. ರಷ್ಯಾ ಸರ್ಕಾರ 2010ರಲ್ಲಿ ಮಾಸ್ಕೋದ ಹೊರವಲಯದ ಸ್ಕೋಲ್ಕೊವೊದಲ್ಲಿ ತನ್ನದೇ ಸಿಲಿಕಾನ್ ಕಣಿವೆ ಕಟ್ಟಲು ಹೊರಟಿತ್ತು. ಆ ಉತ್ಸಾಹದ ಪರಿಭಾಷೆಯೆಲ್ಲ ದಾಮಿಯಾನ್‌ನ ನಾಲಗೆಯ ಮೇಲಿದೆ. ಆದರೆ ಹೂಡಿಕೆ ಮಾಡಬಲ್ಲವರನ್ನು ಬೆರಳಲ್ಲಿ ಎಣಿಸಬಹುದಾದ ದೇಶದಲ್ಲಿ ಹೂಡಿಕೆದಾರನೂ ಗಿರಾಕಿಯೂ ಒಬ್ಬನೇ. ಅವನನ್ನು ಖುಷಿಪಡಿಸಿದರೆ ಕಂಪನಿ ಉಳಿಯುತ್ತದೆ.

ಇಂಥ ಗಿರಾಕಿಗಳ ವರ್ಗ ಎಲ್ಲಿಂದ ಬಂತು ಎಂಬುದನ್ನು ಕಾದಂಬರಿ ಹೆಚ್ಚು ವಿವರಿಸುವುದಿಲ್ಲ, ರಷ್ಯನ್ ಓದುಗರಿಗೆ ಅದರ ಅಗತ್ಯವೂ ಇಲ್ಲ. ನಮಗಾಗಿ ಸ್ವಲ್ಪ ಹೇಳಬೇಕು. 1995ರಲ್ಲಿ ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ಸರ್ಕಾರದ ಬೊಕ್ಕಸ ಬರಿದಾಗಿತ್ತು. ಕೆಲವು ಖಾಸಗಿ ಬ್ಯಾಂಕುಗಳು ಸರ್ಕಾರಕ್ಕೆ ಸಾಲ ಕೊಟ್ಟವು. ಅಡಮಾನವಾಗಿ ತೈಲ ಮತ್ತು ಲೋಹದ ಕಂಪನಿಗಳ ಷೇರುಗಳನ್ನು ಇಟ್ಟುಕೊಂಡವು. ಸಾಲ ತೀರುವುದಿಲ್ಲ ಎಂಬುದು ಕೊಟ್ಟವರಿಗೂ ಗೊತ್ತಿತ್ತು, ಪಡೆದವರಿಗೂ ಗೊತ್ತಿತ್ತು. ಅವಧಿ ಮುಗಿದ ಮೇಲೆ ಷೇರುಗಳು ಹೆಚ್ಚುಕಡಿಮೆ ಸಾಲ ಕೊಟ್ಟವರ ಕೈಗೇ ಸೇರಿದವು. ಆ ಡಿಸೆಂಬರಿನಲ್ಲಿ ಸಿಬ್‌ನೆಫ್ತ್ ತೈಲ ಕಂಪನಿಯ ಶೇ. 51ರಷ್ಟು ಪಾಲು ಸುಮಾರು 10 ಕೋಟಿ ಡಾಲರಿಗೆ ಹೋಯಿತು. ಹತ್ತು ವರ್ಷಗಳ ನಂತರ, 2005ರಲ್ಲಿ, ಅದೇ ಕಂಪನಿಯ ಮುಕ್ಕಾಲು ಪಾಲಿಗೆ ಹತ್ತಿರದಷ್ಟನ್ನು ಸರ್ಕಾರದ ಹಿಡಿತದಲ್ಲಿರುವ ಗಾಜ್‌ಪ್ರೋಮ್ ಸುಮಾರು 1,300 ಕೋಟಿ ಡಾಲರ್ ಕೊಟ್ಟು ಮರಳಿ ಕೊಂಡಿತು. ಕಾದಂಬರಿ ಬಂದ 2018ರ ಏಪ್ರಿಲ್‌ನಲ್ಲಿ ಅಮೆರಿಕ ಇದೇ ವರ್ಗದ ಹಲವರ ಮೇಲೆ ನಿರ್ಬಂಧ ಹೇರಿತ್ತು. ಪಶ್ಚಿಮದ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿದ್ದ ಹೊತ್ತದು. ಹೊರಗೆ ಹೋಗಲು ಜಾಗ ಕಡಿಮೆಯಾದವನು ಒಳಗೆ ಹೋಗಲು ಹವಣಿಸುವುದು ಸಹಜವೇ.

ದಾಮಿಯಾನ್ ಮೊದಲು ಮಾರುವುದು ಅಗ್ಗದ ಮಾಲು. ಫ್ಯೋದರ್‌ಗೆ ಶಾಲೆಯ ದಿನಗಳಲ್ಲಿ ತಾನ್ಯಾ ಎಂಬ ಹುಡುಗಿಯ ಮೇಲೆ ಮನಸ್ಸಾಗಿತ್ತು. ಕೈಗೂಡದ ಆ ಆಸೆಯನ್ನು ಕಂಪನಿ ನಾಟಕದಂತೆ ಮತ್ತೆ ಕಟ್ಟಿ ಅವನ ಮುಂದಿಡುತ್ತದೆ. ನಿಜವಾದ ತಾನ್ಯಾಗೆ ಈಗ ವಯಸ್ಸಾಗಿದೆ, ಬದುಕು ಅವಳನ್ನು ಚೆನ್ನಾಗಿಯೇ ಅರೆದಿದೆ. ಅವಳ ಕಥೆ ಬೇರೆ ಎಳೆಯಾಗಿ ಸಾಗಿ ಮಧ್ಯ ಅಮೆರಿಕದ ಮಂತ್ರವಿದ್ಯೆಯನ್ನೂ ಸ್ತ್ರೀವಾದವನ್ನೂ ಕಲಸಿದ ಒಂದು ವಿಡಂಬನೆಯಾಗುತ್ತದೆ. ಈ ಭಾಗ ಹಲವು ಓದುಗರನ್ನು ಕೆರಳಿಸಿತು. ನನಗೆ ಅದು ಕೆರಳಿಸುವುದಕ್ಕಿಂತ ಹೆಚ್ಚು ಬೇಸರ ತರಿಸುತ್ತದೆ. ಒಂದೇ ನಗೆಚಟಾಕಿಯನ್ನು ಅಧ್ಯಾಯಗಟ್ಟಲೆ ಎಳೆದರೆ ನಗೆ ಎಲ್ಲಿ ಉಳಿಯುತ್ತದೆ? ನಮ್ಮ ಪ್ರಕರಣಕ್ಕೆ ಬೇಕಾದದ್ದು ಫ್ಯೋದರ್‌ನ ವಿಹಾರನೌಕೆಯ ಮೇಲಿನ ಕಥೆ.

ಇದಕ್ಕೆ ಹಿಂದಿನ ದಾಖಲೆ

1962ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಪೆಲೇವಿನ್ ಎಂಜಿನಿಯರಿಂಗ್ ಓದಿ ಸಾಹಿತ್ಯಕ್ಕೆ ಬಂದವನು. ಸಂದರ್ಶನ ಕೊಡುವುದಿಲ್ಲ, ಸಭೆಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹಣವಂತನಿಗೂ ನಿರ್ವಾಣಕ್ಕೂ ನಡುವಿನ ನಂಟು ಅವನಿಗೆ ಹೊಸ ವಿಷಯವಲ್ಲ. 1996ರ 'ಚಾಪಾಯೆವ್ ಮತ್ತು ಶೂನ್ಯ' ಕಾದಂಬರಿಯಲ್ಲಿ ಮೂವರು 'ಹೊಸ ರಷ್ಯನ್ನರು', ಅಂದರೆ ಆ ಕಾಲದ ದಿಢೀರ್ ಶ್ರೀಮಂತರೂ ರೌಡಿಗಳೂ ಆದವರು, ಕಾಡಿನಲ್ಲಿ ಬೆಂಕಿಯ ಸುತ್ತ ಕುಳಿತು ಅಣಬೆ ತಿಂದು ನಶೆ ಏರಿಸಿಕೊಳ್ಳುತ್ತಾರೆ. ಅವರಲ್ಲಿ ವೊಲೋದಿನ್ ಎಂಬವನು ಜೈಲಿನ ಭಾಷೆಯಲ್ಲಿ ತತ್ತ್ವಶಾಸ್ತ್ರ ಹೇಳುತ್ತಾನೆ. ನಿನ್ನೊಳಗೆ ಒಬ್ಬ ಸರ್ಕಾರಿ ವಕೀಲನಿದ್ದಾನೆ, ಒಬ್ಬ ಆರೋಪಿ ಇದ್ದಾನೆ, ಆರೋಪಿಯ ಪರ ವಾದಿಸುವವನೂ ಇದ್ದಾನೆ. ಇವರು ಯಾರೂ ಅಲ್ಲದ ನಾಲ್ಕನೆಯವನೊಬ್ಬನಿದ್ದಾನೆ, ಎಂದೂ ಇಳಿಯದ ನಶೆ ಅವನದೇ. ಉಳಿದಿಬ್ಬರಿಗೆ ಕೂಡಲೇ ಹುಟ್ಟುವ ಪ್ರಶ್ನೆ, ಅಲ್ಲಿಗೆ ಹೋಗುವುದು ಹೇಗೆ, ಹೋದವನನ್ನು ಯಾರಾದರೂ ಹಿಡಿಯಬಲ್ಲರೇ ಎಂಬ ಧಾಟಿಯದು.

ಆ ದೃಶ್ಯದಲ್ಲಿ ನಗು ಉಕ್ಕುತ್ತದೆ, ಆದರೆ ವೊಲೋದಿನ್ ಹೇಳುವ ತತ್ತ್ವದಲ್ಲಿ ತಪ್ಪಿಲ್ಲ. ಮೂರು ವರ್ಷಗಳ ನಂತರ ಬಂದ 'ಜನರೇಶನ್ ಪಿ' ಕಾದಂಬರಿಯಲ್ಲಿ ಚೆ ಗೆವಾರನ ಆತ್ಮ ಪ್ರತ್ಯಕ್ಷವಾಗಿ ಬುದ್ಧನ ಮಾತೆತ್ತಿಕೊಂಡು, ಮನುಷ್ಯರೆಲ್ಲ ಹಣವನ್ನು ನುಂಗಿ ಹೊರಹಾಕುವ ಒಂದು ದೈತ್ಯ ಜೀವಿಯ ಕೋಶಗಳು ಎಂದು ಪ್ರಬಂಧ ಬರೆಸುತ್ತದೆ. ಅಲ್ಲಿ ಹಣ ಯಾರ ಸ್ವತ್ತೂ ಅಲ್ಲ, ಅದು ಹರಿಯುವುದಕ್ಕೆ ನಾವು ಕೊಳವೆಗಳು. ಕಾಡಿನ ಬೆಂಕಿಯ ಮುಂದೆ ಕುಳಿತಿದ್ದ ರೌಡಿಗಳಿಗೆ ಇಪ್ಪತ್ತೆರಡು ವರ್ಷ ವಯಸ್ಸು ಸೇರಿಸಿ, ಒಳ್ಳೆಯ ವಕೀಲರನ್ನೂ ವಿಹಾರನೌಕೆಯನ್ನೂ ಕೊಟ್ಟರೆ ಫ್ಯೋದರ್, ರಿನಾತ್, ಯೂರಾ ಸಿಗುತ್ತಾರೆ. ಅಣಬೆಯ ಜಾಗಕ್ಕೆ ಈಗ ಯಂತ್ರ ಬಂದಿದೆ.

ಸರಕು

ದಾಮಿಯಾನ್‌ನ ದೊಡ್ಡ ಯೋಜನೆ ಇದು. ಧ್ಯಾನದಲ್ಲಿ ಪಳಗಿದ ಬೌದ್ಧ ಭಿಕ್ಷುಗಳನ್ನು ಕರೆತರುವುದು. ಅವರು ಧ್ಯಾನಕ್ಕೆ ಕುಳಿತಾಗ ಅವರ ಅನುಭವವನ್ನು ಉಪಕರಣದ ಮೂಲಕ ಗಿರಾಕಿಯ ಮಿದುಳಿಗೆ ದಾಟಿಸುವುದು. ಹಿಮಾಲಯವಿಲ್ಲ, ಉಪವಾಸವಿಲ್ಲ, ಇಪ್ಪತ್ತು ವರ್ಷಗಳ ಸಾಧನೆಯೂ ಇಲ್ಲ. ಶೀರ್ಷಿಕೆಯ ಹಿಂದಿರುವುದು ಜಪಾನಿನ ಕವಿ ಇಸ್ಸಾನ ಹಾಯ್ಕು. ಬಸವನಹುಳುವೇ, ಫೂಜಿಯನ್ನು ಹತ್ತು, ಆದರೆ ನಿಧಾನ, ನಿಧಾನ. ರಷ್ಯನ್ ವೈಜ್ಞಾನಿಕ ಕಥೆಗಾರರಾದ ಸ್ತ್ರುಗಾತ್ಸ್ಕಿ ಸೋದರರು ತಮ್ಮ ಕಾದಂಬರಿಯೊಂದರ ಮೊದಲಿಗೆ ಅದನ್ನು ಇಟ್ಟುಕೊಂಡಿದ್ದರಿಂದ ರಷ್ಯನ್ ಓದುಗರಿಗೆ ಅದು ಬಾಯಿಪಾಠ. ದಾಮಿಯಾನ್ ಮಾರುವುದು ಆ 'ನಿಧಾನ'ವನ್ನು ತೆಗೆದುಹಾಕಿದ ಫೂಜಿ.

ದಾಟಿಬರುವ ಅನುಭವ ಯಾವುದು? ಪಾಲಿ ಸುತ್ತಗಳು, ಅಂದರೆ ಪಾಲಿ ಭಾಷೆಯಲ್ಲಿರುವ ಬುದ್ಧನ ಉಪದೇಶಗಳು, ವರ್ಣಿಸುವ ನಾಲ್ಕು ಧ್ಯಾನಗಳು, ಅಂದರೆ ಝಾನಗಳು. ಇಲ್ಲಿ ಪೆಲೇವಿನ್ ಗೇಲಿಯನ್ನು ಪಕ್ಕಕ್ಕಿಟ್ಟು ಬರೆಯುತ್ತಾನೆ. ಕಾದಂಬರಿಯ ಅತ್ಯುತ್ತಮ ಪುಟಗಳು ಇವೇ. ಫ್ಯೋದರ್‌ಗೆ ತಾನು ಈವರೆಗೆ ಸುಖವೆಂದು ಕರೆದದ್ದೆಲ್ಲ ನೋವಿನ ನಡುವಿನ ಬಿಡುವು ಮಾತ್ರವಾಗಿತ್ತು ಎಂದು ತಿಳಿಯುತ್ತದೆ. ಧ್ಯಾನದಿಂದ ಎದ್ದ ಮೇಲೆ ದೋಣಿ, ಊಟ, ಹೆಣ್ಣು, ವ್ಯವಹಾರ ಎಲ್ಲವೂ ಸಪ್ಪೆ.

ಸುತ್ತಗಳಲ್ಲಿ ಈ ನಾಲ್ಕಕ್ಕೂ ಒಂದೊಂದು ಹೋಲಿಕೆ ಇದೆ. ಮೊದಲನೆಯದು, ಸ್ನಾನ ಮಾಡಿಸುವ ಆಳು ಕಂಚಿನ ತಟ್ಟೆಯಲ್ಲಿ ಸ್ನಾನದ ಪುಡಿಗೆ ನೀರು ಚಿಮುಕಿಸಿ ನಾದಿದ ಉಂಡೆ. ಒಳಗೂ ಹೊರಗೂ ತೇವವಿದ್ದರೂ ಒಂದು ಹನಿ ತೊಟ್ಟಿಕ್ಕದು. ಎರಡನೆಯದು, ಹೊರಗಿನ ನೀರು ಬೇಡದೆ ಒಳಗಿನ ಒರತೆಯಿಂದಲೇ ತಂಪಾಗುವ ಕೊಳ. ಮೂರನೆಯದು, ನೀರೊಳಗೇ ಹುಟ್ಟಿ, ನೀರೊಳಗೇ ಬೆಳೆದು, ಬೇರಿನಿಂದ ತುದಿಯವರೆಗೆ ನೆನೆದ ತಾವರೆ. ನಾಲ್ಕನೆಯದು, ತಲೆಯಿಂದ ಪಾದದವರೆಗೆ ಬಿಳಿಯ ಬಟ್ಟೆ ಹೊದ್ದು ಕುಳಿತ ಮನುಷ್ಯ.

ಈ ಮೆಟ್ಟಿಲುಗಳನ್ನು ಲೆಕ್ಕಪತ್ರ ನೋಡುವವನ ಕಣ್ಣಿನಿಂದ ನೋಡಿ. ಮೊದಲ ಧ್ಯಾನದಲ್ಲಿ ಆಲೋಚನೆ, ವಿಚಾರ, ಪುಳಕ, ಸುಖ, ಏಕಾಗ್ರತೆ ಐದೂ ಇವೆ. ಎರಡನೆಯದರಲ್ಲಿ ಆಲೋಚನೆ ಮತ್ತು ವಿಚಾರ ಬಿದ್ದುಹೋಗುತ್ತವೆ. ಮೂರನೆಯದರಲ್ಲಿ ಪುಳಕ ಹೋಗುತ್ತದೆ. ನಾಲ್ಕನೆಯದರಲ್ಲಿ ಸುಖವೇ ಹೋಗುತ್ತದೆ, ಉಪೇಕ್ಷೆ, ಅಂದರೆ ಸಮಚಿತ್ತ, ಉಳಿಯುತ್ತದೆ. ಹೆಚ್ಚು ಕೊಟ್ಟವನಿಗೆ ಹೆಚ್ಚು ಸಿಗಬೇಕೆಂಬುದು ಸಂಪತ್ತಿನ ವ್ಯಾಕರಣ. ಇಲ್ಲಿ ಮೇಲಿನ ದರ್ಜೆಗೆ ಹೋದಂತೆ ಸಾಮಾನು ಕಡಿಮೆಯಾಗುತ್ತದೆ. ಸುಖ ಬೇಕೆಂದು ಬಂದ ಗಿರಾಕಿ ಅತಿ ದುಬಾರಿಯಾದ ಕೊನೆಯ ಅಂತಸ್ತಿನಲ್ಲಿ ಸುಖವನ್ನೂ ಕಳಚಿಟ್ಟು ನಿಲ್ಲುತ್ತಾನೆ, ಮತ್ತು ಅದೇ ಅವನಿಗೆ ಹಿಂದಿನ ಮೂರಕ್ಕಿಂತ ಮೇಲೆನಿಸುತ್ತದೆ.

ಧನಿಕನ ಸುಖವನ್ನು ಧ್ಯಾನಿಯ ಸುಖದ ಜೊತೆ ತೂಗಿ ನೋಡುವ ಕೆಲಸ ಪೆಲೇವಿನ್‌ನಿಂದ ಶುರುವಾದದ್ದಲ್ಲ. ಸುತ್ತಗಳ ಸಂಗ್ರಹಗಳಲ್ಲೊಂದಾದ ಮಜ್ಝಿಮ ನಿಕಾಯದ ಹದಿನಾಲ್ಕನೆಯ ಸುತ್ತದಲ್ಲಿ ನಿಗಂಠರು, ಅಂದರೆ ಜೈನ ಮುನಿಗಳು, ಬುದ್ಧನ ಎದುರು ಒಂದು ವಾದ ಹೂಡುತ್ತಾರೆ. ಸುಖದಿಂದ ಸುಖ ಸಿಗುವುದಾಗಿದ್ದರೆ ಮಗಧದ ಬಿಂಬಿಸಾರನಿಗೆ ಅದು ಸಿಗಬೇಕಿತ್ತು, ಅವನು ನಿನಗಿಂತ ಸುಖವಾಗಿದ್ದಾನಲ್ಲ ಎನ್ನುತ್ತಾರೆ. ಬುದ್ಧ ಕೇಳುವುದು ಒಂದೇ ಮಾತು. ಬಿಂಬಿಸಾರ ಮೈ ಅಲುಗಿಸದೆ, ಮಾತಾಡದೆ, ಏಳು ಹಗಲು ಏಳು ರಾತ್ರಿ ಸುಖವನ್ನಷ್ಟೇ ಅನುಭವಿಸುತ್ತಾ ಕುಳಿತಿರಬಲ್ಲನೇ? ಇಲ್ಲ. ಆರು? ಇಲ್ಲ. ಹೀಗೆ ಒಂದು ದಿನಕ್ಕೆ ಇಳಿದರೂ ಉತ್ತರ ಇಲ್ಲವೇ. ನಾನು ಇರಬಲ್ಲೆ, ಹಾಗಾದರೆ ಯಾರು ಹೆಚ್ಚು ಸುಖಿ ಎಂದು ಬುದ್ಧ ಕೇಳುತ್ತಾನೆ. ಇದು ಸಂನ್ಯಾಸಿಯ ಹೆಮ್ಮೆಯೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಇದರಲ್ಲಿ ಕಾಣುವುದು ಅಳತೆಗೋಲಿನ ಬದಲಾವಣೆ. ಎಷ್ಟು ಸಾಮಾನು ಇದೆ ಎಂಬುದು ಬಿಟ್ಟುಹೋಯಿತು, ಸಾಮಾನಿಲ್ಲದೆ ಎಷ್ಟು ಹೊತ್ತು ಇರಬಲ್ಲೆ ಎಂಬುದು ಲೆಕ್ಕಕ್ಕೆ ಬಂತು.

ಪೆಲೇವಿನ್‌ನ ಚಾಲಾಕಿತನ ಇಲ್ಲೇ ಇದೆ. ಅವನು ಬಿಂಬಿಸಾರನನ್ನೇ ಯಂತ್ರಕ್ಕೆ ಜೋಡಿಸಿ ಏಳು ದಿನ ಕೂರಿಸಿಬಿಡುತ್ತಾನೆ.

ಅಡ್ಡಪರಿಣಾಮ

ಧ್ಯಾನದ ಸುಖದಲ್ಲೇ ನಿಂತಿದ್ದರೆ ಇದು ದುಬಾರಿ ಚಟವಾಗಿ ಮುಗಿಯುತ್ತಿತ್ತು. ಆದರೆ ಬೌದ್ಧ ಸಾಧನೆಯಲ್ಲಿ ಧ್ಯಾನ ಮನಸ್ಸನ್ನು ಹದಗೊಳಿಸುವ ಕೆಲಸ ಮಾತ್ರ. ಹದಗೊಂಡ ಮನಸ್ಸಿನಿಂದ ಮಾಡಬೇಕಾದ್ದು ವಿಪಸ್ಸನ, ಇರುವುದನ್ನು ಇರುವಂತೆ ಕಾಣುವುದು. ಫ್ಯೋದರ್ ಆ ಕಡೆಗೆ ಹೋಗುತ್ತಾನೆ. ಅಲ್ಲಿ ಕಾಣುವುದು ಸುಖವಲ್ಲ. ಕ್ಷಣಕ್ಷಣಕ್ಕೂ ಹುಟ್ಟಿ ಸಾಯುವ ಸಂವೇದನೆಗಳು, ಅವುಗಳ ನಡುವೆ 'ನಾನು' ಎಂದು ಬೆರಳಿಟ್ಟು ತೋರಿಸಬಹುದಾದ ಯಾರೂ ಇಲ್ಲದಿರುವುದು. ಷೇರುಗಳೆಲ್ಲ ಯಾರ ಹೆಸರಿನಲ್ಲಿವೆಯೋ ಆ ಮನುಷ್ಯನೇ ಸಿಗುತ್ತಿಲ್ಲ.

ಐದನೆಯ ಶತಮಾನದಲ್ಲಿ ಬುದ್ಧಘೋಷ ಬರೆದ 'ವಿಸುದ್ಧಿಮಗ್ಗ'ದಲ್ಲಿ ಈ ಹಂತಗಳು ಕ್ರಮವಾಗಿವೆ. ಎಲ್ಲವೂ ಕರಗುವುದನ್ನು ಕಾಣುವ ಭಂಗಜ್ಞಾನ, ಅದರ ಬೆನ್ನಿಗೆ ಭಯ, ಆಮೇಲೆ ಇದರಲ್ಲೆಲ್ಲ ಅಪಾಯವಿದೆ ಎಂಬ ಅರಿವು, ಆಮೇಲೆ ಜಿಗುಪ್ಸೆ, ಆಮೇಲೆ ಬಿಡಿಸಿಕೊಳ್ಳುವ ಹಂಬಲ. ಭಿಕ್ಷುವಿಗೆ ಇವು ದಾರಿಯ ಮೈಲಿಗಲ್ಲುಗಳು. ಅವನು ಹೊರಟದ್ದೇ ಅಲ್ಲಿಗೆ, ಮನೆಮಠ ಬಿಟ್ಟು ಬಂದಿದ್ದಾನೆ, ಬಿಡಿಸಿಕೊಳ್ಳಲು ಅವನಿಗೆ ಹೆಚ್ಚೇನೂ ಇಲ್ಲ. ಅದೇ ಭಯ ಉದ್ಯಮಿಯ ತಲೆಗೆ ಬಂದು ಬಿದ್ದರೆ ಅದು ಕಾಯಿಲೆ. ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ. ಗಿರಾಕಿಗೆ ಈಗ ಬೇಕಿರುವುದು ತನ್ನ ಹಳೆಯ ಮರುಳು. ಬೆಳಿಗ್ಗೆ ಎದ್ದು ಏನನ್ನಾದರೂ ಬಯಸುವ ಶಕ್ತಿ, ಅದು ಸಿಗದಿದ್ದರೆ ಸಿಟ್ಟಾಗುವ ಶಕ್ತಿ. ದುಃಖವನ್ನು ಕಳೆಯಲು ಹಣ ಸುರಿದವನು ದುಃಖ ಮರಳಿ ಸಿಗಲೆಂದು ಹಾತೊರೆಯುತ್ತಾನೆ. ಕೊನೆಗೆ ತಾನ್ಯಾಳ ಎಳೆಯೂ ಫ್ಯೋದರ್‌ನ ಎಳೆಯೂ ಕೂಡುತ್ತವೆ, ಲೋಕ ಅವನನ್ನು ಮತ್ತೆ ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ನನಗೆ ಇದರಲ್ಲಿ ಹೊಸದೆನಿಸಿದ್ದು ಸಂಪತ್ತಿನ ಬಗ್ಗೆ ಇರುವ ಒಳನೋಟ. ಸಂಪತ್ತು ಎಂದರೆ ಬ್ಯಾಂಕಿನಲ್ಲಿರುವ ಅಂಕಿ ಎಂದುಕೊಂಡಿರುತ್ತೇವೆ. ಈ ಪ್ರಕರಣದಲ್ಲಿ ಅಂಕಿ ಹಾಗೆಯೇ ಇದೆ, ಒಂದು ರೂಬಲ್ ಕೂಡ ಕರಗಿಲ್ಲ. ಬಯಕೆ ನಿಂತ ಗಳಿಗೆಯಿಂದ ಆ ಅಂಕಿಗೆ ಕೆಲಸವಿಲ್ಲ. ದುಡ್ಡೇ ದೊಡ್ಡಪ್ಪ ನಿಜ, ಆದರೆ ದೊಡ್ಡಪ್ಪನನ್ನು ಏನಾದರೂ ಕೇಳುವವರಿದ್ದಾಗ ಮಾತ್ರ.

ತಕರಾರು

ಇಷ್ಟು ಮೆಚ್ಚಿದ ಮೇಲೂ ಒಂದು ಕಡೆ ನನ್ನ ತಕರಾರಿದೆ. ಬೌದ್ಧ ಮಾರ್ಗಕ್ಕೆ ಶೀಲ, ಸಮಾಧಿ, ಪ್ರಜ್ಞೆ, ಅಂದರೆ ಒಳ್ಳೆಯ ನಡತೆ, ಧ್ಯಾನದ ಏಕಾಗ್ರತೆ, ಒಳಗಿನ ತಿಳಿವು ಎಂಬ ಮೂರು ಕಾಲುಗಳು. ಪೆಲೇವಿನ್ ಎರಡನೆಯದನ್ನೂ ಮೂರನೆಯದನ್ನೂ ಗಿರಾಕಿಗೆ ಉಣಿಸುತ್ತಾನೆ, ಮೊದಲನೆಯದನ್ನು ಬಹುಮಟ್ಟಿಗೆ ಹಾರಿಸಿಬಿಡುತ್ತಾನೆ. ಫ್ಯೋದರ್‌ನನ್ನು ಕಾಡುವುದು ತಾನಿಲ್ಲ ಎಂಬ ಭಯ. ತಾನು ಏನು ಮಾಡಿ ಇಲ್ಲಿಗೆ ಬಂದೆ ಎಂಬುದು ಅವನನ್ನು ಅಷ್ಟಾಗಿ ಕಾಡುವುದಿಲ್ಲ. ಹಳೆಯ ಸುತ್ತಗಳು ಇಲ್ಲಿ ಕಾದಂಬರಿಕಾರನಿಗಿಂತ ನಿಷ್ಠುರ.

ಬಿಂಬಿಸಾರನನ್ನು ಕೊಂದು ಪಟ್ಟಕ್ಕೆ ಬಂದವನು ಅವನ ಮಗ ಅಜಾತಶತ್ರು. 'ಸಾಮಞ್ಞಫಲ ಸುತ್ತ'ದಲ್ಲಿ ಅವನು ಹುಣ್ಣಿಮೆಯ ರಾತ್ರಿ ಮಾಳಿಗೆಯ ಮೇಲೆ ಕುಳಿತಿದ್ದಾನೆ, ಮನಸ್ಸಿಗೆ ನೆಮ್ಮದಿಯಿಲ್ಲ. ವೈದ್ಯ ಜೀವಕನ ಮಾತಿನಂತೆ ಬುದ್ಧನನ್ನು ನೋಡಲು ಹೊರಡುತ್ತಾನೆ. ಪಂಜು ಹಿಡಿದ ಪರಿವಾರ, ಆನೆಗಳ ಸಾಲು. ಮಾವಿನ ತೋಪು ಹತ್ತಿರವಾದಂತೆ ರಾಜನ ಮೈ ನಿಮಿರುತ್ತದೆ. ಇಲ್ಲಿ 1,250 ಭಿಕ್ಷುಗಳಿದ್ದಾರೆ ಎಂದೆಯಲ್ಲ, ಒಂದು ಸೀನಿಲ್ಲ, ಒಂದು ಕೆಮ್ಮಿಲ್ಲ, ನನ್ನನ್ನು ಶತ್ರುಗಳಿಗೆ ಹಿಡಿದುಕೊಡುತ್ತಿದ್ದೀಯಾ ಎಂದು ಜೀವಕನನ್ನು ಕೇಳುತ್ತಾನೆ. ಮೌನವನ್ನು ಹೊಂಚು ಎಂದು ಓದುವ ಮನಸ್ಸು ಅದು. ಅಂಗರಕ್ಷಕರ ನಡುವೆ ಬದುಕುವವರ ಬಗ್ಗೆ ಇದಕ್ಕಿಂತ ಚುರುಕಾದ ಸಾಲನ್ನು 'ಫೂಜಿ'ಯಲ್ಲೂ ನಾನು ಓದಿಲ್ಲ.

ಆ ರಾತ್ರಿ ಬುದ್ಧ ಅವನಿಗೆ ವಿವರಿಸುವುದು ಇದೇ ನಾಲ್ಕು ಧ್ಯಾನಗಳನ್ನು. ಸ್ನಾನದ ಉಂಡೆ, ಕೊಳ, ತಾವರೆ, ಬಿಳಿಯ ಬಟ್ಟೆ ಎಲ್ಲವೂ ಅಲ್ಲಿವೆ. ರಾಜ ಮೆಚ್ಚುತ್ತಾನೆ, ತಂದೆಯನ್ನು ಕೊಂದದ್ದನ್ನು ಒಪ್ಪಿಕೊಳ್ಳುತ್ತಾನೆ, ಕೆಲಸವಿದೆ ಎಂದು ಹೇಳಿ ಎದ್ದು ಹೋಗುತ್ತಾನೆ. ಅವನು ಹೋದ ಮೇಲೆ ಬುದ್ಧ ಭಿಕ್ಷುಗಳಿಗೆ ಹೇಳುತ್ತಾನೆ, ಈ ರಾಜ ತನ್ನ ಬೇರನ್ನು ತಾನೇ ಕಡಿದುಕೊಂಡಿದ್ದಾನೆ, ತಂದೆಯನ್ನು ಕೊಂದಿರದಿದ್ದರೆ ಈ ಆಸನದಲ್ಲೇ ಅವನಿಗೆ ಧರ್ಮದ ಕಣ್ಣು ತೆರೆಯುತ್ತಿತ್ತು ಎಂದು. ಅಲ್ಲಿ ಅಧಿಕಾರವೂ ಸಂಪತ್ತೂ ಅಡ್ಡಿಯಾಗಲಿಲ್ಲ, ಅವು ಕೈಗೆ ಬಂದ ಬಗೆ ಅಡ್ಡಿಯಾಯಿತು. ಫ್ಯೋದರ್‌ನ ಯಂತ್ರಕ್ಕೆ ಈ ಅಡ್ಡಿ ತಟ್ಟುವುದೇ ಇಲ್ಲ. ಭಿಕ್ಷುವಿನ ಶೀಲದ ಮೇಲೆ ನಿಂತ ಸಮಾಧಿ ತಂತಿಯ ಮೂಲಕ ಹರಿದು ಬರುತ್ತದೆ. ಪೆಲೇವಿನ್ ಕಣ್ಣುಮುಚ್ಚಾಲೆ ಆಡಿರುವುದು ಈ ಒಂದು ತಂತಿಯಲ್ಲಿ.

ಬುದ್ಧ ಸಿರಿವಂತಿಕೆಯನ್ನು ಹಳಿದವನೂ ಅಲ್ಲ. ವ್ಯಾಪಾರಿ ಅನಾಥಪಿಂಡಿಕನಿಗೆ ಅವನು ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದ ಅಂಗುತ್ತರ ನಿಕಾಯದ ಸುತ್ತವೊಂದಿದೆ. ನ್ಯಾಯವಾಗಿ ದುಡಿದದ್ದು ನನ್ನಲ್ಲಿದೆ ಎಂಬ ಸುಖ, ಅದನ್ನು ಉಂಡು ಉಟ್ಟು ದಾನಧರ್ಮಕ್ಕೆ ಬಳಸುತ್ತೇನೆಂಬ ಸುಖ, ಯಾರಿಗೂ ಸಾಲವಿಲ್ಲ ಎಂಬ ಸುಖ, ನಡೆ ನುಡಿ ಮನಸ್ಸಿನಲ್ಲಿ ಕಳಂಕವಿಲ್ಲ ಎಂಬ ಸುಖ. ಮೊದಲ ಮೂರೂ ಸೇರಿದರೂ ನಾಲ್ಕನೆಯದರ ಹದಿನಾರನೆಯ ಒಂದು ಪಾಲಿಗೆ ಸಾಟಿಯಲ್ಲ ಎಂದು ಆ ಮಾತು ಮುಗಿಯುತ್ತದೆ. ಈ ಪಟ್ಟಿಯನ್ನು 1995ರ ಹರಾಜುಗಳ ಪಕ್ಕದಲ್ಲಿ ಇಟ್ಟು ನೋಡಬೇಕು. ತೀರದೆಂದು ಗೊತ್ತಿದ್ದೇ ಕೊಟ್ಟ ಸಾಲದಿಂದ ಹುಟ್ಟಿದ ಸಂಪತ್ತಿನಲ್ಲಿ ಮೊದಲನೆಯದಕ್ಕೆ ಜಾಗವಿಲ್ಲ, ನಾಲ್ಕನೆಯದಕ್ಕಂತೂ ಇಲ್ಲವೇ ಇಲ್ಲ. ರಷ್ಯನ್ ಧನಿಕನಿಗೆ ಬೇಕಿದ್ದದ್ದು ಇವೆರಡೇ ಆಗಿತ್ತೇನೋ. ದಾಮಿಯಾನ್‌ನ ಅಂಗಡಿಯಲ್ಲಿ ಅವು ಸಿಗುತ್ತಿರಲಿಲ್ಲವಾದ್ದರಿಂದ ಅವನು ನಿರ್ವಾಣದ ಹೊಸ್ತಿಲನ್ನು ಕೊಂಡ.

ಇನ್ನೊಂದು ಗಮನಿಸಬೇಕಾದ ಸಂಗತಿ. ರಷ್ಯಾದಲ್ಲಿ ಬೌದ್ಧಧರ್ಮ ಹೊರಗಿನಿಂದ ತರಿಸುವ ವಸ್ತುವೇನಲ್ಲ. ಬುರ್ಯಾತಿಯಾ, ಕಲ್ಮೀಕಿಯಾ, ತುವಾ ಪ್ರಾಂತಗಳಲ್ಲಿ ಅದು ಮನೆಮಾತು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1915ರಿಂದ ಬೌದ್ಧ ಮಂದಿರವಿದೆ. ಸೋವಿಯತ್ ಕಾಲದಲ್ಲಿ ಕಡಿದುಹೋದ ಪರಂಪರೆಯನ್ನು ಮತ್ತೆ ಕಟ್ಟುವಾಗ ಕಲ್ಮೀಕಿಯಾ ನೋಡಿದ್ದು ನಮ್ಮ ಉತ್ತರ ಕನ್ನಡದ ಕಡೆಗೆ. ಮುಂಡಗೋಡಿನ ಟಿಬೆಟನ್ ನೆಲೆಯಲ್ಲಿರುವ ಡ್ರೆಪುಂಗ್ ಗೋಮಾಂಗ್ ವಿಹಾರದಲ್ಲಿ ಓದಿದ ತೆಲೋ ತುಲ್ಕು ರಿನ್‌ಪೊಚೆ 1992ರಿಂದ ಮೂರು ದಶಕ ಕಲ್ಮೀಕಿಯಾದ ಧರ್ಮಗುರುವಾಗಿದ್ದರು. ಉಕ್ರೇನ್ ಯುದ್ಧ ತಪ್ಪು ಎಂದು ಬಾಯಿಬಿಟ್ಟು ಹೇಳಿದ ಮೇಲೆ, 2023ರ ಜನವರಿಯಲ್ಲಿ, ಸರ್ಕಾರ ಅವರಿಗೆ 'ವಿದೇಶಿ ಏಜೆಂಟ್' ಎಂಬ ಪಟ್ಟ ಕಟ್ಟಿತು, ಅವರು ಆ ಸ್ಥಾನ ಬಿಟ್ಟರು. ಅಂಥ ಬೌದ್ಧಧರ್ಮಕ್ಕೆ, ಅಂದರೆ ಊರು, ಜನ, ಬೆಲೆ ತೆರಬೇಕಾದ ಮಾತು ಇರುವ ಧರ್ಮಕ್ಕೆ, ಪೆಲೇವಿನ್‌ನ ದೋಣಿಯಲ್ಲಿ ಆಸನವಿಲ್ಲ. ಅವನಿಗೆ ಬೇಕಾದದ್ದು ಮಿದುಳಿನಿಂದ ಮಿದುಳಿಗೆ ದಾಟಿಸಬಹುದಾದ ಭಾಗ ಮಾತ್ರ.

ಆ ದೋಣಿಯ ಮೇಲಿನ ಭಿಕ್ಷುಗಳ ವಿಷಯವೂ ಹೀಗೆಯೇ. ದುಡಿಯುವವರು ಅವರು, ಅನುಭವಿಸುವವರು ಇವರು. ಧನಿಕನಿಗೂ ಭಿಕ್ಷುವಿಗೂ ಕೊಡುಕೊಳ್ಳುವ ಸಂಬಂಧ ಮೊದಲಿನಿಂದ ಇದ್ದದ್ದೇ, ಅದಕ್ಕೆ ದಾನವೆಂಬ ಶಿಸ್ತಿತ್ತು. ಅನಾಥಪಿಂಡಿಕ ಜೇತ ರಾಜಕುಮಾರನ ತೋಟವನ್ನು ಸಂಘಕ್ಕಾಗಿ ಕೊಂಡದ್ದು ನೆಲದ ತುಂಬ ಹೊನ್ನಿನ ನಾಣ್ಯ ಹಾಸಿ. ಬಾಗಿಲ ಬಳಿ ಒಂದಿಷ್ಟು ಜಾಗಕ್ಕೆ ನಾಣ್ಯ ಸಾಲಲಿಲ್ಲ. ಇನ್ನಷ್ಟು ತರಲು ಅವನು ಆಳುಗಳನ್ನು ಕಳಿಸುವಷ್ಟರಲ್ಲಿ ಜೇತ ತಡೆದು, ಅಷ್ಟು ಜಾಗ ನನ್ನ ಕೊಡುಗೆಯಾಗಲಿ ಎಂದು ಅಲ್ಲಿ ಬಾಗಿಲುಮನೆ ಕಟ್ಟಿಸಿದ ಎನ್ನುತ್ತದೆ ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕ. ಬೆಲೆ ಕಟ್ಟುತ್ತ ಕುಳಿತಿದ್ದವನೂ ಕೊಡುವವನಾದ. ಫ್ಯೋದರ್ ಮತ್ತು ಗೆಳೆಯರ ಕರಾರಿನಲ್ಲಿ ಇಂಥದೊಂದು ಕಲಮಿಗೆ ಅವಕಾಶವಿಲ್ಲ. ಅವರು ಹಣ ಪಾವತಿಸುತ್ತಾರೆ, ಸೇವೆ ಪಡೆಯುತ್ತಾರೆ, ಸೇವೆ ಅತಿಯಾಗಿ ಫಲಿಸಿದಾಗ ಹೌಹಾರುತ್ತಾರೆ. ಭಿಕ್ಷುಗಳಿಗೆ ಏನು ಸಂದಿತು ಎಂದು ಅವರು ಕೇಳುವುದಿಲ್ಲ. ಪೆಲೇವಿನ್ ಅದನ್ನು ಕೇಳಿದ್ದರೆ ಇದಕ್ಕಿಂತ ದೊಡ್ಡ ಕಾದಂಬರಿ ಬರೆಯುತ್ತಿದ್ದ ಎಂದು ನನ್ನ ಅನಿಸಿಕೆ.